ಎಲ್ಲಕ್ಕೂ ಒಪ್ಪಿಗೆ

ಜಾಹೀರಾತು ಮತ್ತೆ ಬಂದಿತ್ತು. ಹವಾಮಾನ ನೋಡೋಣವೆಂದು ವೆಸೆಲ್ ಅಡುಗೆಮನೆಯ ಲ್ಯಾಪ್‌ಟಾಪ್ ತೆರೆದರೆ, ಗ್ರೋನಿಂಗೆನ್ ಊರಿನ ಮಳೆಯ ಪಕ್ಕದಲ್ಲೇ ನಗುಮುಖದ ವಕೀಲೆಯೊಬ್ಬಳು ಕೇಳುತ್ತಿದ್ದಳು: 'ವಿಚ್ಛೇದನವೇ? ಜಗಳವಿಲ್ಲದೆ ಮುಗಿಸಿಕೊಡುತ್ತೇವೆ.' ಅವಳ ಕೆಳಗೆ, ಒಬ್ಬರಿಗೆ ಸಾಕಾಗುವ ಪುಟ್ಟ ಮನೆಗಳು ಬಾಡಿಗೆಗಿದ್ದವು.

ಬೇರೆಯವರಾಗಿದ್ದರೆ ಇದೇನೋ ಆಕಸ್ಮಿಕ ಎಂದುಕೊಳ್ಳಬಹುದಿತ್ತು. ವೆಸೆಲ್‌ಗೆ ಆ ಭಾಗ್ಯವಿರಲಿಲ್ಲ. ಅವನ ಹೊಟ್ಟೆಪಾಡೇ ಕುಕೀ. ತಿನ್ನುವ ಕುಕೀಯಲ್ಲ, ವೆಬ್‌ಸೈಟು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಚೂರು ಗುರುತು. ಇವರು ನಿನ್ನೆ ಇಲ್ಲಿಗೆ ಬಂದಿದ್ದರು, ಇಂಥದ್ದನ್ನು ನೋಡಿದರು ಎಂದು ಅದು ಚಾಡಿ ಹೇಳುತ್ತದೆ. ಜಾಹೀರಾತಿನವರು ಬೆನ್ನು ಹತ್ತುತ್ತಾರೆ. ಹಾಗೆ ಗುರುತು ಇಡಲು ನಿಮ್ಮ ಅನುಮತಿ ಕೇಳುವ ಪೆಟ್ಟಿಗೆಗಳನ್ನು ರೂಪಿಸುವುದು ವೆಸೆಲ್‌ನ ಕೆಲಸ. 'ಎಲ್ಲಕ್ಕೂ ಒಪ್ಪಿಗೆ' ಎಂಬ ಗುಂಡಿಯನ್ನು ಹಸಿರಾಗಿ, ದಪ್ಪಗೆ ಕಣ್ಣೆದುರೇ ಇಡುತ್ತಿದ್ದ. 'ಬೇಡ' ಎನ್ನುವುದನ್ನು ಬೂದು ಅಕ್ಷರಗಳಲ್ಲಿ ಎಲ್ಲೋ ಒಳಪುಟಕ್ಕೆ ತಳ್ಳುತ್ತಿದ್ದ.

"ಅದನ್ನ ಹುಡುಕೋ ತಾಳ್ಮೆ ಜನಕ್ಕೆ ಎಲ್ಲಿದೆ?" ಎಂದು ಊಟದ ಮೇಜಿನಲ್ಲಿ ನಗುವನು.

ತಾಳ್ಮೆ ಇದ್ದದ್ದು ಅವನ ಹೆಂಡತಿ ಹಿಲ್ಕೆಗೆ. ಕನ್ನಡಕ ಏರಿಸಿಕೊಂಡು ಪ್ರತಿ ಸಲವೂ ಆ ಬೂದು ಅಕ್ಷರ ಹುಡುಕಿ ಒತ್ತುವಳು. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಹೊರಗಿನವರ ಕುಕೀಗಳನ್ನು ತಡೆಯುವಳು. ಮುಚ್ಚುವಾಗ ಉಳಿದದ್ದನ್ನೂ ಅಳಿಸುವಳು.

"ಇಡೀ ದೇಶದಲ್ಲಿ ಅದನ್ನೆಲ್ಲಾ ಓದೋಳು ನೀನೊಬ್ಬಳೇ ಕಣೇ" ಎಂದು ವೆಸೆಲ್ ಹಂಗಿಸುತ್ತಿದ್ದ. ಹಂಗಿಸಿ, ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟು ಸೋಫಾ ಸೇರುತ್ತಿದ್ದ.

ಅಂಥ ಹಿಲ್ಕೆ ಈಗ ಎಲ್ಲಕ್ಕೂ ಒಪ್ಪಿಗೆ ಕೊಟ್ಟಿದ್ದಾಳೆ! ಹಾಕಿದ್ದ ತಡೆಯನ್ನೂ ತೆಗೆದಿದ್ದಾಳೆ. ಮನೆಯಲ್ಲಿರುವುದು ಇಬ್ಬರೇ, ವಕೀಲರನ್ನು ತಾನಂತೂ ಹುಡುಕಿಲ್ಲ. ಎಷ್ಟು ನೊಂದಿದ್ದರೆ ಇಷ್ಟು ಮೈಮರೆತಾಳು, ಪಾಪ, ಎಂದುಕೊಂಡ ವೆಸೆಲ್. ಮರುಕ್ಷಣವೇ ಬೆವರಿದ. ಅವಳಿಗೆ ಗೊತ್ತಾಗಿದೆ.

ಕುಕೀಗಳನ್ನೆಲ್ಲ ಅಳಿಸಿಹಾಕಿದ. ಮರುದಿನ ಬೆಳಿಗ್ಗೆ ವಕೀಲೆ ಮತ್ತೆ ಹಾಜರು, ಜೊತೆಗೆ ಚಕ್ರದ ಸೂಟ್‌ಕೇಸುಗಳು. ಅವಳ ಪುಟ ತೆರೆದು ನೋಡಿದರೆ ಅನುಮತಿಯ ಪೆಟ್ಟಿಗೆ ತಾನೇ ಮಾಡಿಕೊಟ್ಟದ್ದು. ಬೂದು ಅಕ್ಷರ ಎಲ್ಲಿದೆಯೆಂದು ಹುಡುಕಲು ಅವನಿಗೇ ಸ್ವಲ್ಪ ಹೊತ್ತು ಹಿಡಿಯಿತು.

ವೆಸೆಲ್ ಬದಲಾದ. ಪಾತ್ರೆ ತೊಳೆದ. ಬಟಾಣಿ ಸೂಪು ಕುದಿಸಿ ತಳ ಹಿಡಿಸಿದ; ಆ ತಳವನ್ನೂ ತಾನೇ ಉಜ್ಜಿದ. ಹೊಗೆಯಲ್ಲಿ ಬೇಯಿಸಿದ ಹಾವುಮೀನು ಕಟ್ಟಿಸಿಕೊಂಡು ಅತ್ತೆಯ ಮನೆಗೆ ಹೋಗಿ, ಆಕೆಯ ಮಂಡಿನೋವಿನ ಪುರಾಣವನ್ನು ಆಕಳಿಸದೆ ಕೇಳಿದ.

"ಏನಪ್ಪಾ, ಡಾಕ್ಟರು ನಿನಗೇನಾದ್ರೂ ಹೇಳಿದ್ರಾ?" ಎಂದು ಅತ್ತೆಗೇ ಗಾಬರಿ.

ಹಿಲ್ಕೆ ಮಾತ್ರ ಏನೂ ಕೇಳಲಿಲ್ಲ. ಕೆಲಸಕ್ಕೆ ಸೈಕಲ್ ಏರುವಾಗ ಏನೋ ಗುನುಗುತ್ತಿದ್ದಳು. ಆ ಗುನುಗು ಅವನನ್ನು ಇನ್ನಷ್ಟು ಹೆದರಿಸಿತು. ಬಿಟ್ಟುಹೋಗುವ ದಿನ ಗೊತ್ತುಮಾಡಿಕೊಂಡವರು ಹೀಗೇ ಹಗುರಾಗಿರುತ್ತಾರಲ್ಲವೇ?

ಶುಕ್ರವಾರ ಇಬ್ಬರಿಗೂ ರಜೆ. ಕಾಫಿ ಬಂತು, ತಲೆಗೊಂದು ಬಿಸ್ಕತ್ತೂ ಬಂತು. ಹಿಲ್ಕೆ ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ವೆಸೆಲ್‌ನ ಕಟ್ಟೆ ಒಡೆಯಿತು.

"ಹಿಲ್ಕೆ, ನೀನು ವಕೀಲರ ಹತ್ರ ಹೋಗ್ಬೇಡ. ದಮ್ಮಯ್ಯ ಅಂತೀನಿ. ಲೀಸ್ಬೆತ್ ವಿಷಯ ಮುಗಿದುಹೋಯ್ತು. ಉಟ್ರೆಕ್ಟ್‌ನಲ್ಲಿ ಆಫೀಸ್ ಮೀಟಿಂಗ್ ಅಂದಿದ್ದು ಸುಳ್ಳು, ಒಪ್ಕೊಂಡೆ. ಈಗ ಅವಳಿಗೆ ಫೋನೂ ಮಾಡಲ್ಲ, ನಿನ್ನಾಣೆ."

ಹಿಲ್ಕೆಯ ಕೈಯಲ್ಲಿದ್ದ ಕಪ್ಪು ತುಟಿಯ ಹತ್ತಿರವೇ ನಿಂತಿತು.

"ಲೀಸ್ಬೆತ್ ಯಾರು?"

"ಅಂದ್ರೆ... ಮತ್ತೆ ಆ ಜಾಹೀರಾತು? ದಿನಾ ಆ ವಕೀಲೆ ಪುಟಕ್ಕೆ ಹೋಗ್ತಿದ್ದೆಯಲ್ಲ?"

"ಹೋಗ್ತಿದ್ದೆ. ತೆಗೀತಿದ್ದೆ, ನಿನ್ನ ಹಸಿರು ಗುಂಡಿ ಒತ್ತುತಿದ್ದೆ, ಮುಚ್ಚಿಡ್ತಿದ್ದೆ. ಹೆದರ್ಕೊಂಡು ನಾಲ್ಕು ಪಾತ್ರೆ ತೊಳೀತೀಯೇನೋ ಅಂತ."

ಅವಳು ಕಪ್ಪನ್ನು ಕೆಳಗಿಟ್ಟಳು. ಫೋನು ಎತ್ತಿಕೊಂಡು, ಆ ವಕೀಲೆಗೆ ಮೊದಲ ಸಲ ಕರೆ ಮಾಡಿದಳು.