ಅದೇ ಉಂಗುರ, ಅದೇ ದನಿ

ಐರಿನ್ ಟೀಚರ್ ದುರ್ಬೀನಿನಿಂದ ಕಣ್ಣು ತೆಗೆಯದೆ ನೋಟುಪುಸ್ತಕದಲ್ಲಿ ಬರೆದರು: ‘ಬೆಳಿಗ್ಗೆ 9.15. ಗಂಡು ಮತ್ತೆ ಪಾರಿವಾಳ ತಂದಿತು. ಹೆಣ್ಣು ಕೂರುತ್ತಿದ್ದ ಜಾಗದಲ್ಲಿಟ್ಟು ಕರೆಯಿತು.’

ಎದುರು ಕಟ್ಟಡದ ಹದಿನೆಂಟನೆಯ ಮಹಡಿಯಲ್ಲಿ ಗೂಡು ಮಾಡಿದ್ದ ಹೆಣ್ಣು ಪೆರೆಗ್ರಿನ್ ಡೇಗೆ, ಬೇಟೆಯ ಹಕ್ಕಿ, ನಿನ್ನೆ ಗಾಜಿಗೆ ಬಡಿದು ಸತ್ತಿತ್ತು. ಮೊಟ್ಟೆಗಳು ಕಾವುಪೆಟ್ಟಿಗೆ ಸೇರಿದ್ದವು.

ಸತ್ತವರ ಬದಲಿಗೆ ಅವರದೇ ರೂಪದ ಯಂತ್ರ ಮಾಡಿಕೊಡುವ ಇಲಾಖೆಯ ದೂಮಪ್ಪ ರಟ್ಟಿನ ಪೆಟ್ಟಿಗೆ ತೆರೆದ. ಒಳಗಿದ್ದ ಯಂತ್ರದ ಡೇಗೆ ಕತ್ತು ಹೊರಳಿಸಿ ಟೀಚರನ್ನು ನೋಡಿತು.

“ಕಾಲಿಗೆ ಅದೇ ಉಂಗುರ, ಅದೇ ದನಿ. ಗಂಡಿಗೆ ಗೊತ್ತೇ ಆಗುದಿಲ್ಲ ಟೀಚರ್. ಇದನ್ನು ಗೂಡಲ್ಲಿಡ್ಲಿಕ್ಕೆ ಗೂಡು ಕಾದ ನಿಮ್ಮ ಸೈನ್ ಒಂದು ಬೇಕು.”

“ಗೊತ್ತಾಗ್ತದೆ.”

“ಎಂತ ಟೀಚರ್, ನಿಮ್ಮ ಯಜಮಾನ್ರು ತೀರಿಹೋದಾಗ ಬೇಗ ಮಾಡಿಕೊಡಿ ಅಂತ ನೀವೇ ನಾಲ್ಕು ಸಲ ಕಚೇರಿಗೆ ಬಂದಿದ್ರಿ.”

ಬಂದಿದ್ದರು. ಮನೆಯಲ್ಲೀಗ ಗಂಡನ ಬದಲಿಗೆ ಬಂದ ಯಂತ್ರದ ವಲೇರಿಯನ್ ದಿನವೂ ಬಸಿಯ ಚಹಾವನ್ನು ಎರಡು ಸಲ ಊದುತ್ತದೆ, ಚಹಾ ಪೂರ್ತಿ ಆರಿದ್ದರೂ. ಎದುರಲ್ಲೇ ಅತ್ತರೆ ಅದಕ್ಕೆ ಬೇಸರವಾದೀತೆಂದು ಟೀಚರ್ ಹಿತ್ತಲಿಗೆ ಹೋಗಿ ಅಳುತ್ತಾರೆ.

ಗೂಡಿನಲ್ಲಿ ಗಂಡು ಡೇಗೆ ಪಾರಿವಾಳವನ್ನು ಇನ್ನಷ್ಟು ಮುಂದಕ್ಕೆ ತಳ್ಳಿತು.

“ಪಾಪ, ಕಾಯ್ತಾ ಉಂಟಲ್ಲ ಅದು,” ಎಂದು ದೂಮಪ್ಪ ಪೆನ್ನು ಚಾಚಿದ.

“ಕಾಯಲಿ. ನಾನು ಸೈನ್ ಹಾಕುದಿಲ್ಲ.”