ಸೊಂಟದ ಸರಳಿಗೂ ರಜೆ

ಮಹಾಜನರ ಗಮನಕ್ಕೆ: ಇಂದು ಸಂಜೆಯೊಳಗೆ ಬೋರಲಿಂಗಯ್ಯನವರು ತಮ್ಮ ಮನೆಯ ಸೀಲಿಂಗ್ ಫ್ಯಾನನ್ನು ಖುದ್ದಾಗಿ ವೀಕ್ಷಿಸಲಿದ್ದಾರೆ.

ಸೊಂಟದ ಮೂಳೆ ಬೆಸೆಯಲು ಹಾಕಿದ್ದ ಸರಳು ಜಾರಿ, ಅವರು ಎರಡು ವರ್ಷದಿಂದ ಬಾಗಿದಲ್ಲೇ ಸಿಕ್ಕಿಬಿದ್ದಿದ್ದರು. ಹೆಂಡತಿ ಸಾಕಮ್ಮನನ್ನು ಕಾಲುಂಗುರ ನೋಡಿ ಗುರುತು ಹಿಡಿಯುತ್ತಿದ್ದರು. ಹಳೆಯ ಸರಳು ತೆಗೆದು ಹೊಸದು ಹಾಕುವ ಆಪರೇಷನ್‌ಗೆ ಕೊನೆಗೂ ಸಿಕ್ಕಿದ್ದು ಆಯುಧಪೂಜೆಯ ದಿನ. ಯಂತ್ರಗಳು ಮುಷ್ಕರ ಹೂಡಿ ಒಂದು ಕಾನೂನು ಮಾಡಿಸಿಕೊಂಡಿದ್ದವು: ಕುಂಕುಮ ಇಟ್ಟ ಕಬ್ಬಿಣಕ್ಕೆ ಅಂದು ಪೂರ್ತಿ ರಜೆ. ಅದಕ್ಕೇ ಸಾಕಮ್ಮ, ಆಪರೇಷನ್ ಮಾಡುವ ಡಾಕ್ಟರ್ ಯಂತ್ರದ ಕೋಣೆಯ ಬಾಗಿಲಲ್ಲೇ ನಿಂತು, ಕುಂಕುಮದ ಬಟ್ಟಲು ಹಿಡಿದು ಬಂದ ನರ್ಸ್‌ಗಳನ್ನೆಲ್ಲ ಓಡಿಸಿದ್ದರು.

ಬೋರಲಿಂಗಯ್ಯ ಮೇಜಿನ ಮೇಲೆ ಬೋರಲಾದರು. ಯಂತ್ರ ಅಂಗಿ ಎತ್ತಿ ನೋಡಿ, ಚಾಕು ಕೆಳಗಿಟ್ಟಿತು.

"ಅಮ್ಮಾ, ಯಜಮಾನರ ಸೊಂಟಕ್ಕೆ ಕುಂಕುಮ ಇಟ್ಟೋರ್ಯಾರು?"

"ನಾನೇ ಕಣಪ್ಪ. ಬೆಳಗ್ಗೆ ಈಳಿಗೆಮಣೆ, ಸೈಕಲ್ಲು, ಎಲ್ಲಕ್ಕೂ ಇಟ್ಟೆ. ಇವರೊಳಗಿರೋದೂ ಕಬ್ಬಿಣಾನೇ ಅಲ್ವಾ?"

"ಹಂಗಾದ್ರೆ ಸರಳಿಗೆ ಇವತ್ತು ರಜೆ. ನಾನು ಮುಟ್ಟೋ ಹಾಗಿಲ್ಲ."

"ಲೇ ಸಾಕೂ, ನಿನ್ನ ಭಕ್ತಿ ಸಾಕು ಕಣೇ!" ಬೋರಲಿಂಗಯ್ಯ ನೆಲಕ್ಕೆ ಹೇಳಿದರು.

ಸಾಕಮ್ಮ ಕಣ್ಣೊರೆಸಿಕೊಂಡರು. "ಮತ್ತೆ ಯಾವಾಗಪ್ಪಾ ಕರ್ಕೊಂಡು ಬರ್ಲಿ?"

ಯಂತ್ರ ಹುಡುಕಿತು. "ಎಲ್ಲಾ ದಿನಾನೂ ಭರ್ತಿ. ಮುಂದಿನ ವರ್ಷದ ಆಯುಧಪೂಜೆ ಮಾತ್ರ ಖಾಲಿ ಇದೆ. ಅವತ್ತು ಯಾರೂ ಬರಲ್ಲ ನೋಡಿ."

ಬೋರಲಿಂಗಯ್ಯ ಕಾಲುಂಗುರಗಳ ಹಿಂದೆ ಹಿಂದೆಯೇ ಮನೆಗೆ ಹೊರಟರು.