ಬೊಂಬೆ ಅಜ್ಜಿಯ ಸೊಂಟನೋವು

"ರೋಗಿ ಹೇಳೋದನ್ನ ಕೇಳಿಸ್ಕೊಳ್ಳೋದೇ ಇಲ್ಲ ನೀನು" ಎಂದು ಮೇಡಂ ಕಳೆದ ಸಲ ವಸುಂಧರೆಯನ್ನು ನಪಾಸು ಮಾಡಿದ್ದರು. ಈ ಸಲ ಅವಳು ನರ್ಸಿಂಗ್ ಪರೀಕ್ಷೆಯಲ್ಲಿ ರೋಗಿಯಾಗಿ ಮಲಗಿಸಿದ್ದ ಅಜ್ಜಿ ಬೊಂಬೆಯೆದುರು ದೇವರನ್ನು ನೆನೆದು, ಮೈಯೆಲ್ಲ ಕಿವಿಯಾಗಿ ನಿಂತಳು. ಗಾಜಿನ ಗೋಡೆಯಾಚೆ ಮೇಡಂ ಮೈಕಿನಲ್ಲಿ ನರಳಿದರೆ ಇಲ್ಲಿ ಬೊಂಬೆ ನರಳುತ್ತಿತ್ತು.

"ಏನಾಗ್ತಿದೆ ಅಜ್ಜಿ?"

"ಎದೆನೋವು ಕಣಮ್ಮಾ... ಅಯ್ಯಯ್ಯೋ, ಸೊಂಟ!"

ಅವಳು ಓದಿಕೊಂಡು ಬಂದದ್ದೆಲ್ಲ ಎದೆನೋವಿನದು. ಆದರೂ ರೋಗಿಯ ಮಾತು ಮೀರಬಾರದೆಂದು ಬೊಂಬೆಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಸೊಂಟ ನೀವತೊಡಗಿದಳು.

"ಈಗ ಹೇಗಿದೆ ಅಜ್ಜಿ?"

"ಒಂಚೂರೂ ಕಡಿಮೆಯಾಗಿಲ್ಲ."

"ಇನ್ನೂ ಗಟ್ಟಿಯಾಗಿ ಒತ್ತಲಾ?"

"ನೀನು ಎಷ್ಟು ಒತ್ತಿದ್ರೂ ಅಷ್ಟೇ."

"ಯಾವಾಗಿಂದ ನೋವು?"

"ಬೆಳಿಗ್ಗೆಯಿಂದ. ಮುರುಕು ಸ್ಟೂಲ್ ಮೇಲೆ ಕೂತು ಮೂವತ್ತು ಜನಕ್ಕೆ ನರಳಿದೀನಿ. ಬೊಂಬೆ ಬಿಟ್ಟು ಈ ಕಡೆ ಬಾರೇ, ಪಾಸು ಮಾಡ್ತೀನಿ!"